ಎದುರುಮನೆಯೂ ಮಾರಾಟಕ್ಕಿದೆ

ಬಿಳಿ ಕಾರಿನಿಂದ ಇಳಿದ ಗಂಡ ಹೆಂಡತಿ ಒಂದು ಕ್ಷಣ ರಸ್ತೆಯ ನಡುವೆ ನಿಂತು ಅತ್ತಿತ್ತ ನೋಡಿದರು. ಆಮೇಲೆ ಪುಟ್ಟಿಯ ಗೇಟಿಗೆ ಬೆನ್ನು ಹಾಕಿ ಸೀದಾ ಎದುರುಮನೆಯೊಳಗೆ ಹೋಗಿಬಿಟ್ಟರು.

ಬೆಳಿಗ್ಗೆಯಿಂದ ಸೋಫಾದ ಕವರು ಬದಲಿಸಿ, ಕಿಟಕಿ ಗಾಜು ಒರೆಸಿ ಅವರಿಗಾಗಿಯೇ ಕಾದು ಕೂತಿದ್ದ ಪುಟ್ಟಿಗೆ ಮೈಯೆಲ್ಲ ಉರಿಯಿತು.

"ಚಿಕ್ಕಮ್ಮಾ, ಮನೆ ನೋಡೋಕೆ ಬರ್ತೀವಿ ಅಂತ ಫೋನ್ ಮಾಡಿದ್ರಲ್ಲ, ಅವರನ್ನ ಎದುರುಮನೆ ಡಾಕ್ಟ್ರು ಹಾರಿಸ್ಕೊಂಡು ಹೋದ್ರು!"

"ಯಾರು, ಆ ದನದ ಡಾಕ್ಟ್ರಾ?" ಚಿಕ್ಕಮ್ಮ ಮಂಡಿ ನೀವಿಕೊಳ್ಳುತ್ತಾ ಕೇಳಿದರು. ಆತ ನೋಡುತ್ತಿದ್ದದ್ದು ನಾಯಿ, ಬೆಕ್ಕುಗಳನ್ನು ಮಾತ್ರ. ಆದರೆ ಚಿಕ್ಕಮ್ಮನ ಲೆಕ್ಕದಲ್ಲಿ ಪಶುವೈದ್ಯ ಎಂದರೆ ದನದ ಡಾಕ್ಟರೇ.

ಪೇಟೆಯಲ್ಲಿ ಸ್ವಂತ ಕನ್ನಡಕದ ಅಂಗಡಿ ಇಟ್ಟು, ವಯಸ್ಸು ಮೂವತ್ತೈದು ದಾಟಿದ್ದರೂ ಆ ಚಿಕ್ಕಮ್ಮನಿಗೆ ಅವಳಿನ್ನೂ ಪುಟ್ಟಿಯೇ. ಪುಟ್ಟಿ ಚಪ್ಪಲಿ ಮೆಟ್ಟಿಕೊಂಡು ದುಡುದುಡು ರಸ್ತೆ ದಾಟಿದಳು.

ಡಾಕ್ಟರು ಗೇಟಿನ ಬಳಿಯೇ ಇದ್ದರು. ಹೆಗಲ ಮೇಲೊಂದು ಬೆಕ್ಕಿನ ಮರಿ. ಪಕ್ಕದಲ್ಲಿ ಹಿಂದಿನ ಸಂಜೆಯಷ್ಟೇ ಹೊಡೆದ ಹೊಸ ಬೋರ್ಡು: ಮನೆ ಮಾರಾಟಕ್ಕಿದೆ.

"ಅವರು ನಮ್ಮನೆಗೆ ಬಂದವರು ರೀ!"

"ನನಗೇನು ಗೊತ್ತು ಮೇಡಂ? 'ಮಾರಾಟಕ್ಕಿರೋ ಮನೆ ಇದೇನಾ' ಅಂದ್ರು, 'ಹೌದು' ಅಂದೆ. ಸುಳ್ಳಾ ಹೇಳಿದ್ದು?"

ಹಾಗೆಂದವರೇ ಮುಜುಗರದಿಂದ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. ಗಾಜನ್ನು ಅಂಗಿಯಲ್ಲಿ ಒರೆಸುವವರನ್ನು ಕಂಡರೆ ಪುಟ್ಟಿಗೆ ಆಗುತ್ತಿರಲಿಲ್ಲ. ಆದರೆ ಕನ್ನಡಕವಿಲ್ಲದ ಆ ಕಣ್ಣುಗಳು ಆಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಕಣ್ಣುಗಳಂತಿದ್ದವು. ಬೈಯಲು ಬಂದವಳು, "ನೋಡಿ ಆದ್ಮೇಲೆ ನಮ್ಮ ಕಡೆಗೂ ಕಳ್ಸಿ" ಎಂದಷ್ಟೇ ಹೇಳಿ ಹಿಂತಿರುಗಿದಳು.

ಇಬ್ಬರೂ ಬ್ರೋಕರ್ ಇಟ್ಟಿರಲಿಲ್ಲ. ನಮ್ಮ ಮನೆ ನಾವು ಮಾರೋಕೆ ನಡುವೆ ಇನ್ನೊಬ್ಬ ಯಾಕೆ ಎಂಬುದು ಚಿಕ್ಕಮ್ಮನ ವಾದ. ಅಪರಿಚಿತರ ಜೊತೆ ಹೆಚ್ಚು ಮಾತು ಬೇಡವೆಂಬುದು ಡಾಕ್ಟರ ಸ್ವಭಾವ. ಮನೆ ಮಾರುವುದೆಂದರೆ ದಿನಕ್ಕೆ ಹತ್ತು ಅಪರಿಚಿತರ ಜೊತೆ ಮಾತಾಡುವುದು ಎಂದು ಅವರಿಗೆ ಆಮೇಲೆ ಗೊತ್ತಾಯಿತು.

ಬಂದವರಲ್ಲಿ ಕೊಳ್ಳುವವರಿಗಿಂತ ಹೊತ್ತು ಕಳೆಯುವವರೇ ಜಾಸ್ತಿ. ಅಪ್ಪಿತಪ್ಪಿ ಯಾರಾದರೂ ಮನಸ್ಸು ಮಾಡಿದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ. "ಮಳೆ ಬಂದ್ರೆ ಈ ಬಚ್ಚಲ ಬಾಗಿಲು ಮುಚ್ಚಲ್ಲ. ಮುಚ್ಚಿದ್ರೆ ತೆರೆಯಲ್ಲ. ಹೇಳಿಬಿಡ್ತೀನಪ್ಪ, ಆಮೇಲೆ ಶಾಪ ಹಾಕ್ಬೇಡಿ" ಎನ್ನುತ್ತಿದ್ದರು. ಎದುರುಮನೆಯಲ್ಲಂತೂ ಬಚ್ಚಲು ನೋಡಲು ಬಾಗಿಲು ತೆರೆದವರ ಮೇಲೆ, ಅರ್ಧ ಸ್ನಾನವಾಗಿದ್ದ ನಾಯಿಯೊಂದು ನೊರೆಸಮೇತ ಹಾರಿತ್ತು.

ಸಂಜೆ ಇಬ್ಬರೂ ತಂತಮ್ಮ ಗೇಟಿಗೆ ಒರಗಿ ನಿಂತು ಕಷ್ಟಸುಖ ಹಂಚಿಕೊಳ್ಳುವುದು ರೂಢಿಯಾಯಿತು.

"ಇವತ್ತು ಎಷ್ಟು ಜನ ಬಂದಿದ್ರು ಮೇಡಂ?"

"ಇಬ್ಬರು. ಒಬ್ಬರು ಮನೆ ನೋಡಿದ್ರು, ಇನ್ನೊಬ್ಬರು ಟೀವಿ ನೋಡಿದ್ರು."

ಅವರು ನಕ್ಕರೆ ಎಡಗೆನ್ನೆಯಲ್ಲೊಂದು ಗೆರೆ ಮೂಡುತ್ತಿತ್ತು. ಅದನ್ನು ಕಾಣಲೆಂದೇ ಪುಟ್ಟಿ ಅಂಗಡಿಯಿಂದ ಬರುವ ದಾರಿಯಲ್ಲಿ ಒಂದಾದರೂ ತಮಾಷೆ ಹೊಸೆದುಕೊಂಡು ಬರುತ್ತಿದ್ದಳು. ಆದರೆ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮನೆ ಮಾರುವವರು ಕಾರಣ ಬಾಯಿಬಿಡಬಾರದು, ಬಿಟ್ಟರೆ ಬೆಲೆ ಬೀಳುತ್ತದೆ ಎಂದು ಇಬ್ಬರಿಗೂ ಯಾರೋ ಬುದ್ಧಿ ಹೇಳಿದ್ದರು.

ಬಿಳಿ ಕಾರಿನ ಯಜಮಾನ ಅಳತೆ ಟೇಪು ಹಿಡಿದು ಮತ್ತೆ ಬಂದ. ಪುಟ್ಟಿಯ ಹಾಲ್ ಅಳೆಯುತ್ತಾ, "ಎದುರಿನವರು ಬೆಲೆ ಇಳಿಸಿದಾರೆ. ನೀವು ಹೇಗೆ?" ಎಂದ.

ಪುಟ್ಟಿಗೆ ಚುಚ್ಚಿದಂತಾಯಿತು. ನಿನ್ನೆ ಸಂಜೆ ಅಷ್ಟು ನಕ್ಕವರು ಒಂದು ಮಾತು ಹೇಳಲಿಲ್ಲವಲ್ಲ! ಹಟಕ್ಕೆ ಬಿದ್ದು ಅವಳೂ ಇಳಿಸಿದಳು. ಮರುವಾರ ಅದೇ ಟೇಪು, ಅದೇ ಮಾತು. ಮತ್ತೆ ಇಳಿಸಿದಳು. ಹೀಗೇ ಆದರೆ ಚಿಕ್ಕಮ್ಮನಿಗೆಂದು ಆಸೆಪಟ್ಟ ಮನೆ ಕೈಗೆಟುಕುವುದಿಲ್ಲವೆಂದು ಗೊತ್ತಿದ್ದರೂ ಇಳಿಸಿದಳು.

ಡಾಕ್ಟರು ಸಂಜೆ ಗೇಟಿಗೆ ಬರುವುದನ್ನು ನಿಲ್ಲಿಸಿದರು. ಇವಳು ಪರದೆ ಎಳೆದಳು. ಎಳೆದ ಪರದೆಯ ಸಂದಿಯಿಂದ ಇಣುಕಿಯೂ ನೋಡಿದಳು. ಎದುರು ಪರದೆಯೂ ಅಲುಗಿದಂತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲಿಗೆ ಯಾರೋ ಹಣೆ ಚಚ್ಚಿಕೊಂಡರು. ತಲೆ ಎತ್ತಿದರೆ ಡಾಕ್ಟರು! ಕೈಯಲ್ಲಿ ಎರಡು ತುಂಡಾದ ಕನ್ನಡಕ.

"ಬೆಕ್ಕು ಪರಚೋಕೆ ಬಂತು. ನನ್ನ ಬದಲು ಇದಕ್ಕೆ ಬಿತ್ತು."

"ಊರಲ್ಲಿ ಬೇರೆ ಅಂಗಡಿ ಇರ್ಲಿಲ್ವಾ?"

"ಇತ್ತು. ಕಾಣ್ಲಿಲ್ಲ."

ನಗು ಬಂದರೂ ತುಟಿ ಕಚ್ಚಿ ಹಿಡಿದು, ಅವರನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು. ಗದ್ದ ಎತ್ತಿ, ಖಾಲಿ ಫ್ರೇಮನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಸಿಕ್ಕಿಸತೊಡಗಿದಳು. ಇಷ್ಟು ಹತ್ತಿರದಿಂದ ಅವರ ಮುಖ ಕಂಡದ್ದು ಇದೇ ಮೊದಲು. ಅವಳ ಬೆರಳು ಕಿವಿಗೆ ತಾಗಿದಾಗೆಲ್ಲ ಅವರ ರೆಪ್ಪೆ ಒಮ್ಮೆ ಪಟಕ್ಕನೆ ಮುಚ್ಚಿ ತೆರೆಯುತ್ತಿತ್ತು.

"ಮೊದಲಿನದು ಚೆನ್ನಾಗಿತ್ತಾ, ಈಗಿನದಾ?"

"ಮೊದಲೇ ಚೆನ್ನಾಗಿತ್ತು. ಮೊದಲು ಗೇಟಲ್ಲಿ ಮಾತಾಡ್ತಿದ್ವಿ."

"ಗಾಜಿನ ವಿಷಯ ಕೇಳಿದ್ದು ನಾನು." ಅವಳ ಕೆನ್ನೆ ಬಿಸಿಯಾಯಿತು. "ಮಾತು ಬಿಟ್ಟಿದ್ದು ನೀವು. ಕದ್ದುಮುಚ್ಚಿ ಬೆಲೆ ಇಳಿಸಿದ್ದೂ ನೀವೇ."

"ನಾನಾ? ನೀವು ಇಳಿಸಿದ್ರಿ ಅಂತ ತಾನೇ ನಾನು ಇಳಿಸಿದ್ದು!"

"ಹಾಗಂತ ಯಾರು ಹೇಳಿದ್ರು?"

"ಆ ಟೇಪಿನವರು."

ಅವಳ ಕೈಯಲ್ಲಿದ್ದ ಗಾಜು ಗಾಳಿಯಲ್ಲೇ ನಿಂತಿತು. ಆ ದಪ್ಪ ಗಾಜುಗಳ ಹಿಂದೆ ಅವರ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲು ನಕ್ಕಿದ್ದು ಯಾರೋ, ಆಮೇಲೆ ಇಬ್ಬರಿಗೂ ನಿಲ್ಲಿಸಲಾಗಲಿಲ್ಲ.

"ಅದಿರ್ಲಿ, ಮನೆ ಯಾಕೆ ಮಾರ್ತಿದ್ದೀರಿ?" ಅವರು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು.

"ಚಿಕ್ಕಮ್ಮನ ಮಂಡಿ. ನಮ್ಮ ಮಲಗೋ ಕೋಣೆಗಳೆಲ್ಲ ಮಹಡಿ ಮೇಲೆ. ಮೆಟ್ಟಿಲೇ ಇಲ್ಲದ ಮನೆ ಬೇಕು. ನೀವು?"

"ಆಪರೇಷನ್ ಆದ ನಾಯಿಗಳನ್ನ ನಾಲ್ಕು ದಿನ ಇಟ್ಕೊಳ್ಳೋಕೆ ಜಾಗ ಬೇಕು. ಹಿತ್ತಲು ಇರೋ ಮನೆ ಹುಡುಕ್ತಿದ್ದೀನಿ."

ಅವರದು ಒಂದೇ ಒಂದು ಮೆಟ್ಟಿಲೂ ಇಲ್ಲದ ಮನೆ. ಇವಳದು ಬೀದಿಯಲ್ಲೇ ದೊಡ್ಡ ಹಿತ್ತಲಿನ ಮನೆ. ಒಬ್ಬ ಬ್ರೋಕರ್ ಇದ್ದಿದ್ದರೆ ಮೊದಲ ದಿನವೇ ಎರಡನ್ನೂ ಜೋಡಿಸಿ ಹೋಗಿರುತ್ತಿದ್ದ.

ಭಾನುವಾರ ಬಿಳಿ ಕಾರು ಮತ್ತೆ ಬಂತು. ಯಜಮಾನ ಸೋಫಾದಲ್ಲಿ ಕೂತು, "ಎದುರಿನವರು ನಿನ್ನೆ ಇನ್ನೂ ಸ್ವಲ್ಪ ಇಳಿಸಿದ್ರು..." ಎನ್ನುವಷ್ಟರಲ್ಲಿ ಡಾಕ್ಟರು ಅಡುಗೆಮನೆಯಿಂದ ಟೀ ತಟ್ಟೆ ಹಿಡಿದು ಬಂದರು.

"ಸಕ್ಕರೆ ಎಷ್ಟು ಹಾಕ್ಲಿ ಸರ್?"

ಟೇಪು ಸರ್ರನೆ ಡಬ್ಬಿಯೊಳಗೆ ಸೇರಿತು. ಪಕ್ಕದಲ್ಲಿದ್ದ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಬಿದ್ದು ಬಿದ್ದು ನಕ್ಕಳು. "ಮನೇಲೂ ಹೀಗೇ! ನನ್ನ ಹತ್ರ ಒಂದು, ಅತ್ತೆ ಹತ್ರ ಒಂದು." ಟೀ ಮುಟ್ಟದೆ ಎದ್ದದ್ದು ಯಜಮಾನ ಮಾತ್ರ. ಅವಳು ಪೂರ್ತಿ ಕುಡಿದೇ ಹೋದಳು.

ಅವರು ಹೋದ ಮೇಲೆ ಡಾಕ್ಟರು ಚಿಕ್ಕಮ್ಮನ ಮುಂದೆ ಅದಲುಬದಲಿನ ಯೋಚನೆ ಬಿಡಿಸಿಟ್ಟರು. ನಿಮ್ಮ ಮನೆ ದೊಡ್ಡದು, ಹೆಚ್ಚಿನ ಹಣ ನಾನೇ ತುಂಬುತ್ತೇನೆ, ಎರಡು ಪತ್ರ, ಎರಡು ರಿಜಿಸ್ಟ್ರೇಷನ್ ಎಂದು ವಿವರಿಸಿದರು.

"ಎರಡು ಯಾಕಪ್ಪಾ?" ಚಿಕ್ಕಮ್ಮ ಗೋಡೆ ಹಿಡಿದು ಎದ್ದರು. "ಪರದೆ ಸಂದಿಯಿಂದ ನೀನು ಇವಳನ್ನ ನೋಡೋದು, ಇವಳು ನಿನ್ನನ್ನ ನೋಡೋದು ನನಗೇನು ಕಾಣಲ್ವಾ? ನೀವಿಬ್ರೂ ಸೇರಿ ಒಂದೇ ಒಂದು ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ. ಎರಡು ಮನೆಗೂ ಅದೇ ಸಾಕು. ನಿನ್ನ ಮನೆ ಬೀಗದ ಕೈ ಕೊಡಿಲ್ಲಿ, ಅಡುಗೆಮನೆ ನೋಡ್ಕೊಂಡು ಬರ್ತೀನಿ."

ಕೈಗೆ ಬಂದ ಕೀಲಿ ಹಿಡಿದು, ಮಂಡಿನೋವೇ ಇಲ್ಲದವರಂತೆ ಚಿಕ್ಕಮ್ಮ ರಸ್ತೆ ದಾಟಿದರು.

ಹಾಲ್‌ನಲ್ಲಿ ಇಬ್ಬರೇ ಉಳಿದರು. ಪುಟ್ಟಿ ಟೀ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು, ಮತ್ತೆ ಬಿಡಿಸಿದಳು.

"ಹಿತ್ತಲು ಬೇಕು ಅಂದಿದ್ದು ನಿಜ" ಎಂದರು ಡಾಕ್ಟರು ನೆಲ ನೋಡುತ್ತಾ. "ಆದ್ರೆ ಹಿತ್ತಲಿಲ್ಲದೆ ಎರಡು ವರ್ಷ ಹಾಯಾಗಿದ್ದೆ. ನಿಮ್ಮ ಗೇಟಿಗೆ ಬೋರ್ಡ್ ಬಿದ್ದ ಮೇಲೆ ಇರೋಕಾಗ್ಲಿಲ್ಲ. ನೀವಿಲ್ಲದ ಎದುರುಮನೆ ನೋಡ್ಕೊಂಡು ಯಾರು ಕೂರ್ತಾರೆ ಅಂತ ನಾನೂ ಒಂದು ಬೋರ್ಡ್ ಹಾಕ್ದೆ."

ಪುಟ್ಟಿ ಮೆಲ್ಲಗೆ ತಟ್ಟೆ ಕೆಳಗಿಟ್ಟಳು. ತಲೆ ಎತ್ತಿದಾಗ ಅವರೂ ಎತ್ತಿದ್ದರು.

ಅಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ಬೀದಿಗೆಲ್ಲ ಕೇಳುವಂತೆ ಚಿಕ್ಕಮ್ಮನ ಗಂಟಲು ಮೊಳಗಿತು.

"ಪುಟ್ಟೀ, ಅಡುಗೆಮನೆ ಸ್ವಲ್ಪ ಚಿಕ್ಕದು. ಆದ್ರೂ ನಾನು ಒಪ್ಪಿದೆ ಕಣೇ!"

ಪುಟ್ಟಿ ಅವರ ಮುಖದಿಂದ ಕಣ್ಣು ಕೀಳಲಿಲ್ಲ. ನಿಂತಲ್ಲಿಂದಲೇ, ಬೀದಿಗೆಲ್ಲ ಕೇಳುವಂತೆಯೇ ಕೂಗಿದಳು.

"ನಾನೂ ಒಪ್ಪಿದೆ ಚಿಕ್ಕಮ್ಮಾ!"