ಬುಟ್ಟಿ ಮೇಡಂ ಮತ್ತು ಅಳಿಲು

"ನಮ್ಮ ಅಕ್ಕನ ಹತ್ರ ಚಾಡಿ ಹೇಳಿದ್ರಂತೆ?"

ಲಿಫ್ಟ್ ಲಾರಿಯಿಂದ ಇಳಿಯುತ್ತಿದ್ದವಳು ತಿರುಗಿ ನೋಡಿದಳು. ಸೊಂಟಕ್ಕೆ ಬೆಲ್ಟು, ಹೆಗಲ ಮೇಲೆ ಹಗ್ಗದ ಸುರುಳಿ, ಊದಿಸಿಕೊಂಡ ಮುಖ. ಅಳಿಲು ನಿಂತಿದ್ದ. ಎಂಥ ಮರವನ್ನಾದರೂ ಸರಸರ ಹತ್ತಿ ಕೊಂಬೆ ಕಡಿಯುತ್ತಾನೆಂದು ಜೊತೆಯವರು ಇಟ್ಟ ಹೆಸರದು. ಲಿಫ್ಟಿನ ಬುಟ್ಟಿಯಲ್ಲಿ ನಿಂತು ಅದೇ ಕೆಲಸ ಮಾಡುವ ಅವಳು ಎಲ್ಲರಿಗೂ ಬುಟ್ಟಿ ಮೇಡಂ. ಇಬ್ಬರಿಗೂ ಕೆಲಸ ಕೊಟ್ಟವಳು ಅವನ ಅಕ್ಕ.

"ಚಾಡಿ ಅಲ್ಲ. ಈ ಮರಕ್ಕೆ ನಿಮ್ಮನ್ನ ಹತ್ತಿಸಬೇಡಿ ಅಂದೆ. ಬುಡ ತಟ್ಟಿ ನೋಡಿದ್ರಾ? ಟೊಳ್ಳು."

"ಒಂದು ಕಡೆ ಗಟ್ಟಿ ಇದೆ. ನೇರವಾಗಿ ಹೇಳಿ ಮೇಡಂ, ನಾನು ಕೆಳಗೆ ಸೊಪ್ಪು ಗುಡಿಸ್ಕೊಂಡಿರ್ಲಿ ಅಂತ ತಾನೆ?"

ಅವಳು ಲಾರಿಯ ಕಡೆ ಮುಖ ತಿರುಗಿಸಿದಳು. ಪ್ರತಿ ಸಲ ಅವನು ಮರದಿಂದ ಇಳಿದು, ಹೆಲ್ಮೆಟ್ ತೆಗೆದು, ಕೂದಲು ಕೊಡವಿ, ತನ್ನ ಕಡೆ ಓರೆಗಣ್ಣು ಹಾಯಿಸುವ ತನಕ ತನಗೆ ಉಸಿರೇ ಇರುವುದಿಲ್ಲ ಅನ್ನುವುದನ್ನು ಹೇಗೆ ಹೇಳುವುದು?

ಆಸ್ಪತ್ರೆಯ ಹಿತ್ತಲು. ಗಾಳಿಗೆ ಮುರಿದ ಆ ಮರದ ಕೊಂಬೆಯೊಂದು ಅಡುಗೆಮನೆಯ ಶೀಟುಗಳ ಮೇಲೆ ಜೋತು ಬಿದ್ದಿತ್ತು. ಒಳಗಿದ್ದವರನ್ನು ಹೊರಗೆ ಕಳಿಸಿಯಾಗಿತ್ತು. ನೆಲ ಮೆತ್ತಗಿದ್ದರಿಂದ ಲಾರಿ ವಾಲದಂತೆ ಆನಿಸುವ ಕಬ್ಬಿಣದ ಕಾಲುಗಳ ಕೆಳಗೆ ಹಲಗೆ ಕೊಡದೆ ಬುಟ್ಟಿ ಏರಿಸುವಂತಿರಲಿಲ್ಲ. ಗಾಳಿ ಮತ್ತೆ ಜೋರಾಗುತ್ತಿತ್ತು.

"ಸ್ವಲ್ಪ ತಡೀರಿ," ಎಂದು ಹಲಗೆ ಎಳೆಯಲು ಬಗ್ಗಿದಳು. ತಲೆ ಎತ್ತುವಷ್ಟರಲ್ಲಿ ಅವನು ಅರ್ಧ ಮರದಲ್ಲಿದ್ದ.

"ಇಳಿಯೋ ಕತ್ತೆ!" ದೂರದಲ್ಲಿ ನಿಂತಿದ್ದ ಅಕ್ಕ ಬಾಯಿ ಬಡಿದುಕೊಂಡಳು.

ಚಟಚಟ ಸದ್ದು. ಬುಡದಿಂದ ಮೇಲಕ್ಕೆ ಸೀಳು ಓಡಿತು. ಅವನು ಕಾಂಡವನ್ನು ಅವಚಿಕೊಂಡ. ಇಳಿಯಲೆಂದು ಹಗ್ಗಕ್ಕೆ ಭಾರ ಕೊಟ್ಟಾಗಲೆಲ್ಲ ಸೀಳು ಇನ್ನಷ್ಟು ಬಾಯಿ ಬಿಡುತ್ತಿತ್ತು.

ಕೊನೆಯ ಹಲಗೆ ಕೂರಿಸಿ ಅವಳು ಬುಟ್ಟಿ ಏರಿಸಿದಳು. ಲಿಫ್ಟಿನ ತೋಳು ಪೂರ್ತಿ ಚಾಚಿದರೂ ಬುಟ್ಟಿ ಅವನಿಂದ ಒಂದು ಮಾರು ದೂರದಲ್ಲೇ ನಿಂತಿತು.

"ಇದು ಇನ್ನು ಮುಂದೆ ಬರಲ್ಲ. ಬೆಲ್ಟಿನ ಇನ್ನೊಂದು ಹಗ್ಗ ಎಸೀರಿ!"

"ಮರ ನಿಮ್ಮ ಮೇಲೇ ಬೀಳತ್ತೆ. ಹಿಂದೆ ಹೋಗಿ."

"ಹೋಗಲ್ಲ."

"ಹುಚ್ಚು ಹಿಡಿದಿದೆಯಾ ನಿಮಗೆ?"

"ಹೂಂ, ನಿಮ್ಮದೇ ಹುಚ್ಚು. ಈಗ ಎಸೀರಿ!"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಎಸೆದ. ಅವಳು ಹಿಡಿದು ಬುಟ್ಟಿಯ ಕೊಂಡಿಗೆ ಸಿಕ್ಕಿಸಿ, ಎಳೆದು ನೋಡಿದಳು.

"ಮರಕ್ಕೆ ಕಟ್ಟಿರೋ ಹಗ್ಗ ಬಿಚ್ಚಿ."

ಮರ ಹತ್ತುವವನಿಗೆ ಅದಕ್ಕಿಂತ ಕಷ್ಟದ ಮಾತಿಲ್ಲ. ಅವಳ ಕಣ್ಣನ್ನೇ ನೋಡುತ್ತ ಹಗ್ಗ ಬಿಚ್ಚಿ ಜಿಗಿದ. ಬುಟ್ಟಿ ಜೋಲಿ ಹೊಡೆಯಿತು. ಅಂಗಿ, ತೋಳು, ಸಿಕ್ಕಿದ್ದನ್ನೆಲ್ಲ ಹಿಡಿದು ಅವಳು ಅವನನ್ನು ಒಳಗೆಳೆದುಕೊಂಡು ಬುಟ್ಟಿಯನ್ನು ಹಿಂದಕ್ಕೆ ತಿರುಗಿಸಿದಳು. ಮರ ವಾಲಿತು, ಶೀಟುಗಳನ್ನೂ ಎಳೆದುಕೊಂಡು ಖಾಲಿ ಹಿತ್ತಲಿಗೆ ಕುಸಿಯಿತು.

ಧೂಳು ಇಳಿಯಿತು. ಅವನು ಅವಳ ಕಡೆ ತಿರುಗಿದ.

"ನೀವು ಹೇಳಿದ್ದು ನಿಜಾನಾ?"

"ಕೆಳಗೆ ಇಳಿದ ಮೇಲೆ ಕೇಳಿ."

"ಇಳಿದ್ರೆ ಅಕ್ಕ ನನ್ನ ಕೊಂದೇ ಬಿಡ್ತಾಳೆ. ಇಲ್ಲೇ ಹೇಳು."

"ನೀವು" ಹೋಗಿ "ನೀನು" ಬಂದಿತ್ತು. ಅವಳ ಕಿವಿ ಬಿಸಿಯಾಯಿತು.

"ನಿಜ." ಹಗ್ಗದಿಂದ ಒರಟಾದ ತನ್ನ ಅಂಗೈಗಳ ನಡುವೆ ಅವನು ಅವಳ ಕೈಯನ್ನು ಹಿಡಿದುಕೊಂಡ.

"ತಪ್ಪಾಯ್ತು. ನೀನು ಬೇಡ ಅಂದ ಮರ ಇನ್ನು ಹತ್ತಲ್ಲ. ಗಟ್ಟಿ ಮರ ಸಿಕ್ಕಿದ್ರೆ?"

"ಹತ್ತು. ನನಗೂ ನೋಡೋಕೆ ಇಷ್ಟ."

ಕೆಳಗೆ ಅಕ್ಕ ಕಣ್ಣೊರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಇಳೀತೀರೋ, ಇಲ್ಲ ಅಲ್ಲೇ ಸಂಸಾರ ಹೂಡ್ತೀರೋ?"