ನಾಲ್ಕು ಗಂಟೆಯ ದಾರಿ

"ಲೆಫ್ಟಾ, ರೈಟಾ? ಬೇಗ ಹೇಳು," ಎಂದ ಅಪ್ಪ.

ಏರ್‌ಪೋರ್ಟಿನ ಹೊರಗೇಟಿನಲ್ಲಿ ಕಾರು ನಿಂತಿತ್ತು. ಹಿಂದಿನ ಟ್ಯಾಕ್ಸಿಯವನು ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ.

"ಲೆಫ್ಟು ಅಪ್ಪಾ. ಆಮೇಲೆ ಕತ್ತಿಪಾರಾ ತನಕ ಸ್ಟ್ರೈಟು," ಎಂದಳು ವೃಂದಾ.

ಅಮ್ಮನ ಹಳೇ ಫೋನು ಅವಳ ಕೈಯಲ್ಲಿತ್ತು. ಮ್ಯಾಪಿನಲ್ಲಿ ಒಂದು ನೀಲಿ ಗೆರೆ ಚೆನ್ನೈಯಿಂದ ಹೊರಟು, ತಿರುಪತಿಯ ಪಕ್ಕ ಹಾದು, ಆಂಧ್ರದೊಳಗೆ ತುಂಬ ದೂರ ಹೋಗಿ ಗಂಡಿಕೋಟದಲ್ಲಿ ನಿಲ್ಲುತ್ತಿತ್ತು. ಗೆರೆಯ ಕೆಳಗೆ, ತಲುಪುವ ಹೊತ್ತು ಎಷ್ಟೆಂದು ತೋರಿಸುವ ಜಾಗದಲ್ಲಿ, ವೃಂದಾಳ ಹೆಬ್ಬೆರಳಿತ್ತು.

ಹೆಬ್ಬೆರಳಿನ ಕೆಳಗೆ ಇದ್ದದ್ದು ಮಧ್ಯಾಹ್ನ 2.25. ಈಗ ಬೆಳಿಗ್ಗೆ 6.50.

ಆದರೆ ಗಂಡಿಕೋಟಕ್ಕೆ ನಾಲ್ಕೇ ಗಂಟೆಯ ದಾರಿ ಎಂದು ಅವಳು ಮನೆಯಲ್ಲಿ ಎಲ್ಲರಿಗೂ ಹೇಳಿದ್ದಳು.

"ಏನೇ, ಎಷ್ಟು ಉದ್ದ ಆಗಿಬಿಟ್ಟಿದ್ದೀ!" ಪಕ್ಕದಲ್ಲಿ ಕೂತಿದ್ದ ಪ್ರಿಯತ್ತೆ ಅವಳ ಜಡೆ ಎಳೆದಳು. "ಇಷ್ಟು ಬೆಳಿ ಅಂತ ಯಾರು ಪರ್ಮಿಷನ್ ಕೊಟ್ಟದ್ದು?"

ಪ್ರಿಯತ್ತೆ ಎಂದರೆ ಶ್ರೀಪ್ರಿಯಾ, ಅಪ್ಪನ ತಂಗಿ. ಪುಣೆಯ ಕಾಲೇಜಿನಲ್ಲಿ ಕಲ್ಲು, ಮಣ್ಣು, ಬೆಟ್ಟಗಳ ವಿಷಯ ಪಾಠ ಮಾಡುತ್ತಾಳೆ. ಈಗಷ್ಟೇ ಸಿಂಗಾಪುರದಿಂದ ಬಂದು ಇಳಿದಿದ್ದಳು. ರಾತ್ರಿ 9.40ಕ್ಕೆ ಇದೇ ಏರ್‌ಪೋರ್ಟಿನಿಂದ ಪುಣೆಯ ವಿಮಾನ. ನಡುವೆ ಒಂದು ಹಗಲು. ಆ ಹಗಲಿನಲ್ಲಿ ವೃಂದಾಳಿಗೆ ಕ್ಯಾನ್ಯನ್ ತೋರಿಸುತ್ತೇನೆಂದು ಅವಳೇ ಹೇಳಿದ್ದಳು. ಎರಡು ವರ್ಷದಿಂದ ಹೇಳುತ್ತಲೇ ಇದ್ದಳು.

ಗಂಡಿಕೋಟದಲ್ಲಿ ಪೆನ್ನಾ ನದಿ ಬಂಡೆಯನ್ನು ಕೊರೆದು ಆಳಕ್ಕೆ ಇಳಿದಿದೆ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ. ವೃಂದಾ ಅದರ ಫೋಟೋವನ್ನು ಎಷ್ಟು ಸಲ ನೋಡಿದ್ದಳೆಂದರೆ, ಯಾವ ಬಂಡೆಯ ಮೇಲೆ ಕೂರಬೇಕು ಎಂದೂ ತೀರ್ಮಾನವಾಗಿತ್ತು.

ದಾರಿ ನೋಡುವುದು ಅವಳ ಕೆಲಸ. ಅಪ್ಪ ಮುರಳೀಧರ ಆಡಿಟ್ ಆಫೀಸಿನವನು, ಈ ತಿಂಗಳು ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. "ನೀನೇ ಪ್ಲಾನ್ ಮಾಡು. ನಾನು ಬರೀ ಡ್ರೈವರು," ಎಂದುಬಿಟ್ಟಿದ್ದ.

ವೃಂದಾ ಸ್ಕೂಲಿನ ಅಟ್ಲಾಸ್ ತೆಗೆದು, ಚೆನ್ನೈ ಮೇಲೊಂದು ಗಂಡಿಕೋಟದ ಮೇಲೊಂದು ಚುಕ್ಕಿ ಇಟ್ಟು, ಸ್ಕೇಲಿನಿಂದ ಅಳೆದಳು. ಏಳು ಸೆಂಟಿಮೀಟರ್ ಚಿಲ್ಲರೆ. ಕಿಲೋಮೀಟರಿಗೆ ಬದಲಾಯಿಸಿದರೆ ಇನ್ನೂರ ತೊಂಬತ್ತು. ಕಾರಿನ ಸ್ಪೀಡು ಎಂಬತ್ತು. ಕಾಫಿಗೆ ನಿಲ್ಲಿಸುವುದೂ ಸೇರಿ ನಾಲ್ಕು ಗಂಟೆ.

ರಸ್ತೆ ಸ್ಕೇಲಿನ ಹಾಗೆ ನೆಟ್ಟಗೆ ಹೋಗುವುದಿಲ್ಲ ಎಂದು ಗೊತ್ತಾದದ್ದು ನಿನ್ನೆ, ಶನಿವಾರ ಸಂಜೆ. ಅಮ್ಮನ ಫೋನಿನಲ್ಲಿ ಸುಮ್ಮನೆ ಹಾಕಿ ನೋಡಿದಳು. ಏಳೂವರೆ ಗಂಟೆ ಎಂದಿತು. ಫೋನ್ ಆಫ್ ಮಾಡಿ, ಆನ್ ಮಾಡಿ ನೋಡಿದಳು. ಆಗಲೂ ಏಳೂವರೆ.

ಹೇಳಿಬಿಡೋಣ ಎಂದು ಅಡುಗೆಮನೆಗೆ ಓಡಿದಳು. ಜಾನಕಮ್ಮಜ್ಜಿ ಹಳದಿ ಬಟ್ಟೆಯ ಚೀಲಕ್ಕೆ ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು, ವೃಂದಾಳ ಟೋಪಿ, ಅಪ್ಪನ ಒಂದು ಟವೆಲು ಹಾಕುತ್ತಿದ್ದಳು.

"ಭಾನುವಾರ ಪಡುವಣ ದಿಕ್ಕಿಗೆ ಶೂಲೆ ಕಣ್ಣಾ. ಆ ಕಡೆ ಹೊರಡಬಾರದು. ಅದಕ್ಕೇ ಇವತ್ತೇ ಪರಸ್ಥಾನ ಇಡ್ತಾ ಇದ್ದೀನಿ," ಎಂದಳು ಅಜ್ಜಿ. "ಚೀಲ ಒಳ್ಳೇ ಹೊತ್ತಲ್ಲಿ ಮನೆ ಬಿಟ್ರೆ ನಾವೂ ಬಿಟ್ಟ ಹಾಗೇ. ಹೋಗು, ಕೆಳಗಿನ ಮನೆ ಜಯಲಕ್ಷ್ಮಮ್ಮನ ಹತ್ರ ಕೊಟ್ಟು ಬಾ. ನಾಳೆ ಹೋಗ್ತಾ ಎತ್ಕೊಂಡು ಹೋಗೋಣ."

"ಅಜ್ಜಿ, ಒಂದು ವೇಳೆ ನಾಳೆ ಹೋಗಲೇ ಇಲ್ಲ ಅಂದ್ರೆ?"

"ಶ್! ಬಾಯಿ ಬಿಟ್ಟು ಅನ್ನಬೇಡ. ಪರಸ್ಥಾನ ಇಟ್ಟ ಮೇಲೆ ಪಯಣ ನಿಲ್ಲಿಸೋ ಹಾಗಿಲ್ಲ."

ವೃಂದಾ ಚೀಲ ಕೊಟ್ಟು ಬಂದಳು. ಅಲ್ಲಿಗೆ ಪಯಣ ಹೊರಟಾಗಿತ್ತು. ಇನ್ನು ಯಾರಿಗೆ ಏನು ಹೇಳುವುದು?

ರಾತ್ರಿ ಊಟದ ಹೊತ್ತಿಗೆ ಅಪ್ಪನೇ ಕೇಳಿದ್ದ: "ಅಲ್ವೇ, ತಿರುಪತಿಗೇ ಮೂರು ಗಂಟೆ ಆಗುತ್ತಲ್ಲ? ಗಂಡಿಕೋಟ ಅದರಾಚೆ ಅಲ್ವಾ?"

"ತಿರುಪತಿಯಿಂದ ಒಂದೇ ಗಂಟೆ ಅಪ್ಪಾ," ಎಂದಳು ವೃಂದಾ.

ಅಪ್ಪ ತಲೆಯಾಡಿಸಿ ಸಾರು ಬಡಿಸಿಕೊಂಡ.

ಅಟ್ಲಾಸಿನಲ್ಲಿ ಅಳೆದದ್ದು ತಪ್ಪು ಲೆಕ್ಕ. ಇದು ಬೇರೆ. ಇದು ಬೇರೆ ಎಂದು ಅವಳಿಗೆ ಆಗಲೇ ಗೊತ್ತಿತ್ತು.

ಪೋರೂರು, ಪೂಂದಮಲ್ಲಿ, ತಿರುವಳ್ಳೂರು ದಾಟಿದವು. ಸಿಗ್ನಲ್ಲುಗಳಲ್ಲಿ ಕಾರು ನಿಂತಾಗೆಲ್ಲ ವೃಂದಾ ಹೆಬ್ಬೆರಳನ್ನು ಸ್ವಲ್ಪ ಎತ್ತಿ ನೋಡುತ್ತಿದ್ದಳು. 2.30. ಮತ್ತೆ 2.35. ಪ್ರಿಯತ್ತೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮಂಡಿನೋವಿನ ಅಜ್ಜಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ, ಕಂಡ ದೇವಸ್ಥಾನಕ್ಕೆಲ್ಲ ಕೂತಲ್ಲಿಂದಲೇ ಕೈ ಮುಗಿಯುತ್ತಿದ್ದಳು. ಅಮ್ಮ ಬಂದಿರಲಿಲ್ಲ. ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ.

ತಿರುತ್ತಣಿಯ ಹತ್ತಿರ ಕಾಫಿಗೆ ನಿಲ್ಲಿಸಿದರು. ಅಜ್ಜಿ ಹೋಟೆಲಿನದು ಮುಟ್ಟುವವಳಲ್ಲ. ತನ್ನ ಫ್ಲಾಸ್ಕು ತೆರೆದು, ಮೇಜಿನ ತುದಿಯಲ್ಲಿ ಕೂತು ತನ್ನದೇ ಕಾಫಿ ಕುಡಿದಳು. ಸರ್ವರ್ ಅವಳನ್ನೂ ಫ್ಲಾಸ್ಕನ್ನೂ ನೋಡಿ, "ಪಾಟಿಮಾ, ನಮ್ಮ ಕಾಫಿ ಅಷ್ಟು ಕೆಟ್ಟದಾ?" ಎಂದು ತಮಿಳಿನಲ್ಲಿ ಕೇಳಿ ನಕ್ಕ.

"ಸರಿ ಗೈಡಮ್ಮಾ," ಎಂದಳು ಅತ್ತೆ ಕಣ್ಣುಜ್ಜುತ್ತ. "ಹನ್ನೊಂದಕ್ಕೆ ತಲುಪ್ತೀವಿ. ಎರಡು ಗಂಟೆ ತನಕ ಆರಾಮಾಗಿ ಕೂತಿರೋಣ. ಏಳಕ್ಕೆ ಏರ್‌ಪೋರ್ಟು. ಫ್ಲೈಟ್ ಮಾತ್ರ ಬಿಡೋ ಹಾಗಿಲ್ಲಪ್ಪ, ನಾಳೆ ಬೆಳಿಗ್ಗೆ ಮೂವತ್ತು ಜನಕ್ಕೆ ನಾನೇ ಪರೀಕ್ಷೆ ಮಾಡಬೇಕು. ಪಾಪ, ಇಡೀ ವಾರ ಓದಿರ್ತಾರೆ."

ವೃಂದಾ ಇಡ್ಲಿಯನ್ನು ನಾಲ್ಕು ತುಂಡು ಮಾಡಿದಳು. ಮತ್ತೆ ಎಂಟು ಮಾಡಿದಳು.

"ಎರಡು ನಲವತ್ತು," ಎಂದಳು.

"ಏನು ಎರಡು ನಲವತ್ತು?"

ಅವಳು ಫೋನನ್ನು ಮೇಜಿನ ಮಧ್ಯಕ್ಕೆ ಸರಿಸಿ ಬೆರಳು ತೆಗೆದಳು.

ಅತ್ತೆ ಬಗ್ಗಿ ನೋಡಿದಳು. ಅಪ್ಪನೂ ನೋಡಿದ. ಅವನು ಲೋಟವನ್ನು ಡವರಾ ಬಟ್ಟಲಿನೊಳಗೆ ಮೆಲ್ಲಗೆ ಇಟ್ಟ.

"ನಿನ್ನೆ ರಾತ್ರಿ ನಾನು ಕೇಳಿದೆ," ಎಂದ.

"ಹ್ಞೂಂ."

"ಆಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಪರಸ್ಥಾನ ಇಟ್ಟಾಗಿತ್ತು ಅಪ್ಪಾ. ಅಜ್ಜಿ ನಿಲ್ಲಿಸೋ ಹಾಗಿಲ್ಲ ಅಂದ್ರು. ಮತ್ತೆ... ನನಗೂ ಹೋಗಬೇಕು ಅಂತ ಇತ್ತು."

ಒಳಗೆ ದೋಸೆಗೆ ನೀರು ಚಿಮುಕಿಸಿದ ಸದ್ದು ಕೇಳಿತು.

"ಎರಡೂ ಮುಕ್ಕಾಲಿಗೆ ತಲುಪಿ ಆ ನಿಮಿಷವೇ ತಿರುಗಿದ್ರೂ ನಾನು ಏರ್‌ಪೋರ್ಟಿಗೆ ಬರೋದು ಹತ್ತೂ ಕಾಲಿಗೆ," ಎಂದಳು ಅತ್ತೆ. "ಆಗಲ್ಲ ಅಣ್ಣಾ."

"ಆಗಲ್ಲ," ಎಂದ ಅಪ್ಪ.

"ಇಲ್ಲಿಂದಲೇ ವಾಪಸ್ಸಾ? ಬೇಡಪ್ಪಾ ಮುರಳಿ," ಎಂದಳು ಅಜ್ಜಿ ಗಾಬರಿಯಾಗಿ. "ಪರಸ್ಥಾನದ ಚೀಲ ಡಿಕ್ಕಿಯಲ್ಲಿದೆ. ಎಲ್ಲೋ ಒಂದು ಕಡೆ ಇಳಿದು, ಎಲೆ ಹಾಕಿ ಊಟ ಮಾಡಿ ತಿರುಗಬೇಕು. ನಮ್ಮತ್ತೆ ಹಾಗೇ ಮಾಡ್ತಾ ಇದ್ದದ್ದು."

ಅಪ್ಪ ಬಿಲ್ಲು ಕೊಟ್ಟು ಎದ್ದ. "ನಾಲ್ಕು ಗಂಟೆ ಅಂತ ಒಪ್ಪಿಕೊಂಡು ಹೊರಟಿದ್ದೀನಿ. ನಾಲ್ಕು ಗಂಟೆ ಓಡಿಸ್ತೀನಿ. ಹತ್ತು ಐವತ್ತಕ್ಕೆ ಎಲ್ಲಿರ್ತೀವೋ ಅಲ್ಲೇ ನಿಲ್ಲಿಸ್ತೀನಿ."

"ಅಲ್ಲೇನಿರುತ್ತೆ ಅಣ್ಣಾ?"

"ಏನಿರುತ್ತೋ ಅದು."

ಅವನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ವೃಂದಾಳಿಗೆ ತಿಳಿಯಲಿಲ್ಲ. ಅದು ಅವನು ಆಫೀಸಿನವರ ಜೊತೆ ಫೋನಿನಲ್ಲಿ ಮಾತಾಡುವ ದನಿ.

ಆಮೇಲಿನ ದಾರಿಯಲ್ಲಿ ಎಲ್ಲರೂ ಗಡಿಯಾರ ನೋಡಿದರು. ಆಂಧ್ರದ ಗಡಿ ದಾಟಿದ ಮೇಲೆ ಬೋರ್ಡುಗಳೆಲ್ಲ ತೆಲುಗಿಗೆ ತಿರುಗಿದವು. ತಮಿಳು ಓದಲು ಬಾರದ ಅಜ್ಜಿಗೆ ತೆಲುಗಿನ ಅಕ್ಷರ ಕನ್ನಡದ ಹಾಗೇ ಕಂಡು ಖುಷಿಯಾಯಿತು. ಸಿಮೆಂಟು, ಬಟ್ಟೆ ಅಂಗಡಿ, ಟ್ಯೂಷನ್ ಎಂದು ಸಿಕ್ಕಿದ್ದೆಲ್ಲ ಜೋರಾಗಿ ಓದಿದಳು. ದೂರದಲ್ಲಿ ತಿರುಮಲೆಯ ಬೆಟ್ಟ ಕಂಡಾಗ ಓದುವುದನ್ನು ನಿಲ್ಲಿಸಿ ಕೈ ಮುಗಿದಳು.

"ಶ್ರೀನಿವಾಸ ದೇವರ ಊರು ತಾಕಿಕೊಂಡೇ ಹೋಗ್ತಾ ಇದ್ದೀವಿ, ಬೆಟ್ಟ ಹತ್ತಲ್ಲ. ಇಳಿಯೋದು ಎಲ್ಲಿ ಅಂತಲೂ ಗೊತ್ತಿಲ್ಲ. ಇಂಥ ಜನ ಆತನೂ ನೋಡಿರಲಿಕ್ಕಿಲ್ಲ."

ಅತ್ತೆ ನಕ್ಕಳು. ವೃಂದಾಳಿಗೂ ನಗು ಬಂತು, ಆದರೆ ಅಪ್ಪನ ಕತ್ತಿನ ಹಿಂಭಾಗ ನೋಡಿ ನುಂಗಿಕೊಂಡಳು.

ರೇಣಿಗುಂಟ ದಾಟಿತು. ಕಾಡು ಬಂತು, ಹೋಯಿತು. 10.48. 10.49. ಅಪ್ಪ ಇಂಡಿಕೇಟರ್ ಹಾಕಿ ಕಾರನ್ನು ರಸ್ತೆ ಬದಿಗೆ ತಂದು ಇಂಜಿನ್ ಆರಿಸಿದ.

ಒಂದು ಮಾವಿನ ತೋಟದ ಮುಳ್ಳುತಂತಿ ಬೇಲಿ. ಬೇಲಿಗೆ ಒರಗಿಸಿಟ್ಟ ಬೋರ್‌ವೆಲ್ಲಿನ ಪೈಪುಗಳು. ಮೂರು ಆಡು. ಒಂದು ಕಿಲೋಮೀಟರ್ ಕಲ್ಲು, ಅದರ ಮೇಲೆ ಕಡಪ ಇನ್ನೂ ನೂರು ಚಿಲ್ಲರೆ ದೂರ ಎಂದಿತ್ತು. ಗಂಡಿಕೋಟ ಅದರಾಚೆ.

ಎಲ್ಲರೂ ಇಳಿದರು. ವೃಂದಾ ಅತ್ತೆಯ ಮುಖ ನೋಡುತ್ತ ನಿಂತಳು. ಅತ್ತೆ ಬಗ್ಗಿ ನೆಲ ಕೆದಕಿ ಒಂದು ಹಿಡಿ ಎತ್ತಿ ನೋಡಿದಳು. ಇಲ್ಲೂ ಒಂದು ನದಿ ಹರಿದಿತ್ತು, ಇದು ಕೋಟಿ ವರ್ಷದ ಕಲ್ಲು ಎಂದು ಏನಾದರೂ ಹೇಳಿಯಾಳು.

"ಮಣ್ಣು," ಎಂದಳು ಅತ್ತೆ. "ಬರೀ ಮಣ್ಣು ಕಣೇ." ಕೈ ಕೊಡವಿಕೊಂಡಳು.

ಬೇಲಿಯ ಪಕ್ಕ ಜಮಖಾನ ಹಾಸಿ ಅಜ್ಜಿ ಬಾಳೆ ಎಲೆ ಹಾಕಿದಳು. ಪುಳಿಯೋಗರೆ, ಮೊಸರನ್ನ, ಹುರಿದ ಬಾಳಕದ ಮೆಣಸಿನಕಾಯಿ. ಆಡು ಕಾಯುವ ಹೆಂಗಸೊಬ್ಬಳು ಬಂದು ನಿಂತು, ಏನು ನೋಡಲು ಬಂದಿದ್ದೀರಿ ಎಂದು ತೆಲುಗಿನಲ್ಲಿ ವಿಚಾರಿಸಿದಳು.

"ಗಂಡಿಕೋಟ," ಎಂದಳು ಅಜ್ಜಿ.

"ಅದಿ ಇಕ್ಕಡ ಲೇದಮ್ಮಾ! ಚಾಲಾ ದೂರಂ," ಎಂದು ಹೆಂಗಸು, ಅದು ಇಲ್ಲೆಲ್ಲೂ ಇಲ್ಲ ಎನ್ನುವಂತೆ, ಉತ್ತರದ ಕಡೆ ಕೈ ಬೀಸಿದಳು.

"ಗೊತ್ತಮ್ಮಾ," ಎಂದಳು ಅಜ್ಜಿ. ಅವಳ ಕೈಗೂ ಒಂದು ಎಲೆ ಪುಳಿಯೋಗರೆ ಕೊಟ್ಟಳು.

ಹೆಂಗಸು ತೋರಿಸಿದ ಕಡೆ ವೃಂದಾ ನೋಡಿದಳು. ರಸ್ತೆ ಬಿಸಿಲಿನಲ್ಲಿ ಒಂದಿಷ್ಟು ದೂರ ಹೋಗಿ ಎಡಕ್ಕೆ ತಿರುಗಿ ಕಾಣದಾಗಿತ್ತು. ಅಪ್ಪ ಅನ್ನ ಕಲಸುತ್ತಿದ್ದ. ಸ್ಟೀರಿಂಗ್ ಹಿಡಿದೂ ಹಿಡಿದೂ ಅವನ ಅಂಗೈ ಕೆಂಪಾಗಿತ್ತು.

"ಸಾರಿ ಅಪ್ಪಾ," ಎಂದಳು.

"ಊಟ ಮಾಡು," ಎಂದ ಅಪ್ಪ. ತನ್ನ ಎಲೆಯಲ್ಲಿದ್ದ ಮೆಣಸಿನಕಾಯಿಯನ್ನು ಅವಳ ಎಲೆಗೆ ಹಾಕಿದ. ಅದು ಅವಳಿಗೆ ಇಷ್ಟವೆಂದು ಅವನಿಗೆ ಗೊತ್ತು.

ಹನ್ನೊಂದೂವರೆಗೆ ಎಲ್ಲ ಎತ್ತಿಟ್ಟು ಕಾರು ಹತ್ತಿದರು. ವೃಂದಾ ಅಮ್ಮನ ಫೋನು ತೆರೆದು ಕಾದಳು. ವಾಪಸ್ಸು ಏರ್‌ಪೋರ್ಟಿಗೆ ನಾಲ್ಕು ಗಂಟೆ ಐದು ನಿಮಿಷ. ಪೂಂದಮಲ್ಲಿಯಲ್ಲಿ ಟ್ರಾಫಿಕ್ಕು. ಈ ಸಲ ನಿಮಿಷದ ತನಕ ಸರಿಯಾಗಿ ಹೇಳಬೇಕೆಂದು ಬಾಯಲ್ಲೇ ಇಟ್ಟುಕೊಂಡಿದ್ದಳು.

ಅಪ್ಪ ಕೇಳಲಿಲ್ಲ. ಜೇಬಿನಿಂದ ತನ್ನ ಫೋನು ತೆಗೆದು, ಅದರಲ್ಲಿ ಏನೋ ಒತ್ತಿ, ಸ್ಟೀರಿಂಗ್ ಪಕ್ಕ ನಿಲ್ಲಿಸಿದ. ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ, ಮುಂದೆ ಯು-ಟರ್ನ್ ಮಾಡಿ ಎಂದಿತು.

"ಯಾರೋ ಅದು ಮಾತಾಡೋದು?" ಅಜ್ಜಿ ಬೆಚ್ಚಿದಳು.

"ದಾರಿ ಹೇಳೋಳು ಅಮ್ಮಾ," ಎಂದ ಅಪ್ಪ.

"ಅದಕ್ಕೆ ನಮ್ಮ ವೃಂದಾ ಇದ್ದಾಳಲ್ಲ! ಅವಳ ಕೆಲಸ ಅಲ್ವೇನೋ ಅದು?"

ಅಪ್ಪ ಸ್ಟೀರಿಂಗ್ ತಿರುಗಿಸಿದ. ಅತ್ತೆ ಕಿಟಕಿಯ ಕಡೆ ತಿರುಗಿದಳು. ಕಾರು ಅರ್ಧ ತಿರುಗಿ, ಒಂದು ಲಾರಿ ಹೋಗಲೆಂದು ರಸ್ತೆಯಂಚಿನಲ್ಲಿ ಕಾಯುತ್ತಿತ್ತು.

ವೃಂದಾ ಅಮ್ಮನ ಫೋನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಇವತ್ತು ಅವಳೇ ಹೇಳಲಿ ಅಜ್ಜಿ," ಎಂದಳು.