ಕ್ಯಾಪ್ಟನ್‌ನನ್ನು ತೆಗೆದುಬಿಡಿ

ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಗಕ್ಕನೆ ನಿಂತಿತು. ಒಳಗೆ ಅವಳೊಬ್ಬಳೇ.

"ಅಯ್ಯೋ! ಯಾರಾದ್ರೂ ಇದೀರಾ?"

"ಇದೀನಿ, ಇದೀನಿ! ಬಾಗಿಲು ಬಡೀಬೇಡಿ, ಅದಕ್ಕೆ ಮೊದಲೇ ಮುಂಗೋಪ!" ಮೇಲಿನಿಂದ ಗಂಡಸಿನ ದನಿ ಕೇಳಿತು.

ಅವಳಿಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಲ್ಲಿ ತಮಾಷೆ ಬೇರೆ! ಮೇಲೆ ಚಕ್ರ ತಿರುಗಿಸಿದ ಸದ್ದಾಯಿತು, ಲಿಫ್ಟು ಇಂಚಿಂಚಾಗಿ ಏರಿತು, ಬಾಗಿಲು ತೆರೆಯಿತು. ಹೊರಗೆ ಹೆಜ್ಜೆ ಇಡುವ ಅವಸರದಲ್ಲಿ ಕೈಯಲ್ಲಿದ್ದ ಕಾಗದಗಳೆಲ್ಲ ನೆಲಕ್ಕೆ ಚೆಲ್ಲಿದವು.

ಮೆಟ್ಟಿಲಿಳಿದು ಬಂದ ಲಿಫ್ಟ್ ಮೆಕ್ಯಾನಿಕ್ ಬಗ್ಗಿ ಒಂದು ಹಾಳೆ ಎತ್ತಿಕೊಂಡ. ಕೊಡಲಿಲ್ಲ, ನಿಂತಲ್ಲೇ ಓದತೊಡಗಿದ! ಓದುತ್ತಾ ಓದುತ್ತಾ ಗ್ರೀಸು ಮೆತ್ತಿದ ಬೆರಳಿನಿಂದ ತನ್ನ ಕಿವಿಯ ಹಾಲೆ ಎಳೆದುಕೊಂಡ. ಕಿವಿ ಕಪ್ಪಾಯಿತು.

"ಚೆನ್ನಾಗಿದೆ ರೀ... ಮುಂದೇನಾಗತ್ತೆ?"

"ಗೊತ್ತಿಲ್ಲ. ಅಲ್ಲಿಗೇ ನಿಂತಿದೆ."

"ಹಾಗಾದ್ರೆ ಬನ್ನಿ, ಬರವಣಿಗೆ ಕ್ಲಾಸಿಗೆ ಹೊತ್ತಾಯ್ತು. ನಂದೂ ಒಂದು ಕಾದಂಬರಿ ನಿಂತಿದೆ. ಅದಕ್ಕೇ ಸೇರಿದೀನಿ."

ಲಿಫ್ಟ್ ರಿಪೇರಿ ಮಾಡುವವನು ಕಾದಂಬರಿ ಬರೀತಾನಾ? ಎಂದುಕೊಂಡಳು. ಮರುಕ್ಷಣವೇ ನಾಚಿಕೆಯಾಯಿತು. ತಾನಾದರೂ ಯಾರು? ಅಕ್ಕ-ಭಾವನ ಅಂಗಡಿಯಲ್ಲಿ ಕಿಟಕಿಗೆ ಪರದೆ ಹೊಲಿಯುವವಳು!

ಆ ಶನಿವಾರಗಳು... ಈಗ ನೆನೆಸಿಕೊಂಡರೂ ಅವಳಿಗೆ ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತದೆ. ಗ್ರಂಥಾಲಯದ ಮೂರನೇ ಮಹಡಿ, ರಟ್ಟು ಮಡಚಿಟ್ಟರೂ ಒಂದು ಕಾಲು ಕುಂಟುವ ಉದ್ದನೆಯ ಮೇಜು, ಒಂಬತ್ತು ವಿದ್ಯಾರ್ಥಿಗಳು, ಮತ್ತು ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಬೇರೆಯವರ ಬರಹ ತಿದ್ದಿ ನಿವೃತ್ತರಾದ ಮೇಡಂ.

"ಬರೆಯೋದನ್ನ ನಾನು ಕಲಿಸೋಕಾಗಲ್ಲ. ಮುಗಿಸೋದನ್ನ ಕಲಿಸ್ತೀನಿ," ಎಂದಿದ್ದರು ಮೇಡಂ ಮೊದಲ ದಿನವೇ.

ಅವಳಿಗೆ ಬೇಕಿದ್ದದ್ದೂ ಅದೇ. ಮೂರು ಕಾದಂಬರಿ ಶುರುಮಾಡಿ ಮೂರನ್ನೂ ಇಪ್ಪತ್ತನೇ ಪುಟದಲ್ಲಿ ಕೈಬಿಟ್ಟಿದ್ದಳು. ಅಕ್ಕ ಅವಳಿಗೆ 'ಆರಂಭಶೂರಿ' ಎಂದೇ ಹೆಸರಿಟ್ಟಿದ್ದಳು. ಈಗ ಶನಿವಾರ ಬಂತೆಂದರೆ ಒಂದು ಅಧ್ಯಾಯ ಕೊಡಲೇಬೇಕು. ಎಂಟು ಜನ ಕಾಯುತ್ತಿದ್ದಾರೆ ಎಂಬ ಭಯಕ್ಕೇ ಬರೆದಳು. ನಾಯಕಿ ಕಣ್ಣೀರು ಹಾಕದೆಯೂ ಓದುವವರ ಕಣ್ಣು ಒದ್ದೆಯಾಗುವಂತೆ ಬರೆಯುವುದು ಹೇಗೆ, ಹೊಗಳಿದರೆ ಉಬ್ಬದೆ ಬೈದರೆ ಬಾಡದೆ ಕೂರುವುದು ಹೇಗೆ, ಎಲ್ಲವನ್ನೂ ಆ ಕುಂಟುಮೇಜಿನ ಮುಂದೆಯೇ ಕಲಿತಳು. ಇಪ್ಪತ್ತನೇ ಪುಟ ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ.

ಮೇಡಂದು ಮೂರೇ ನಿಯಮ. ಒಬ್ಬರ ಅಧ್ಯಾಯದ ಚರ್ಚೆ ನಡೆಯುವಾಗ ಬರೆದವರು ತುಟಿಪಿಟಕ್ ಎನ್ನುವಂತಿಲ್ಲ. ಚರ್ಚೆ ಮುಗಿದ ಮೇಲೆ ಉಳಿದವರು ತಮ್ಮ ತಮ್ಮ ಪ್ರತಿಯ ಹಿಂದೆ ಅಭಿಪ್ರಾಯ ಬರೆದು ಕೊಡಬೇಕು. ಇನ್ನೊಂದು, ಗೊತ್ತಿರುವವರನ್ನು ಕಥೆಗೆ ತಂದರೆ ಗುರುತು ಸಿಗದಂತೆ ಮೂರು ವಿಷಯ ಬದಲಿಸಬೇಕು.

"ಇಲ್ಲಾಂದ್ರೆ ನಾಳೆ ನಿಮ್ಮ ಅತ್ತೆ ಬಂದು ನನ್ನ ಜುಟ್ಟು ಹಿಡೀತಾರೆ!"

ಕ್ಲಾಸು ಮುಗಿಸಿ ಇಬ್ಬರೂ ಬಸ್‌ಸ್ಟಾಪಿನವರೆಗೆ ಒಟ್ಟಿಗೇ ನಡೆಯುತ್ತಿದ್ದರು.

"ನಿಮ್ಮ ಕಾದಂಬರಿಯ ಮುದುಕ ಈ ವಾರನಾದ್ರೂ ಸತ್ತನಾ?"

"ಎಲ್ಲಿ ರೀ! ಸಾಯೋ ಅಧ್ಯಾಯದಲ್ಲಿ ಎದ್ದು ಕೂತು ಟೀ ಕೇಳ್ತಿದಾನೆ."

ಅವಳು ನಕ್ಕು ನಕ್ಕು ಬಸ್ಸು ತಪ್ಪಿಸಿಕೊಂಡಳು. ಬೇಕೆಂದೇ ತಪ್ಪಿಸಿಕೊಂಡಳೇನೋ, ನನ್ನನ್ನು ಕೇಳಬೇಡಿ!

ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ. ಆದ್ದರಿಂದ ಬರೆದಳು. ಹನ್ನೊಂದನೇ ಅಧ್ಯಾಯದಲ್ಲಿ ನಾಯಕಿ ಒಬ್ಬ ಹಡಗಿನ ಕ್ಯಾಪ್ಟನ್‌ನನ್ನು ಪ್ರೀತಿಸುತ್ತಾಳೆ. ನಿಯಮದಂತೆ ಮೂರು ಬದಲಾವಣೆ ಮಾಡಿದಳು. ಮೆಕ್ಯಾನಿಕ್ ಕ್ಯಾಪ್ಟನ್ ಆದ, ಕುಳ್ಳ ಆರಡಿ ಎತ್ತರವಾದ, ನುಣ್ಣನೆಯ ಮುಖಕ್ಕೆ ಹುರಿಮೀಸೆ ಬಂತು. ಇಷ್ಟವಾದದ್ದನ್ನು ಓದುವಾಗ ಕಿವಿ ಎಳೆದುಕೊಳ್ಳುವುದನ್ನು ಮಾತ್ರ ಬೇಕೆಂದೇ ಹಾಗೇ ಉಳಿಸಿದಳು.

ಅದನ್ನು ಓದಿದರೆ ತಿಳಿದೇ ತಿಳಿಯುತ್ತದೆ ಅವನಿಗೆ... ಎಂದುಕೊಂಡಳು.

ಆ ಶನಿವಾರ ಎಲ್ಲರೂ ಹೊಗಳಿದರು. ಅವನು ಒಮ್ಮೆಯೂ ಕಿವಿ ಮುಟ್ಟಲಿಲ್ಲ.

"ಕ್ಯಾಪ್ಟನ್‌ನನ್ನ ತೆಗೆದುಬಿಡಿ," ಎಂದ, ಅವಳ ಕಡೆ ನೋಡದೆ. "ಇಂಥ ಪ್ರೀತಿಗೆ ಅವನು ಲಾಯಕ್ಕಲ್ಲ. ಅವನಿಲ್ಲದೇ ಇದ್ರೇನೇ ಕಥೆ ಚೆನ್ನಾಗಿರತ್ತೆ."

ಗುರುತು ಹಿಡಿದಿದ್ದಾನೆ! ಹಿಡಿದು, ಎಲ್ಲರೆದುರು ಹೀಗೆ ಬೇಡ ಎನ್ನುತ್ತಿದ್ದಾನೆ... ಏನಾದರೂ ಕೇಳೋಣವೆಂದರೆ ನಿಯಮ. ತುಟಿ ಕಚ್ಚಿ ಕುಳಿತಳು. ಚರ್ಚೆ ಮುಗಿದದ್ದೇ ತಡ, ಪ್ರತಿಗಳಿಗೂ ಕಾಯದೆ ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

"ಏನಾಯ್ತೇ? ಇದೂ ಅರ್ಧಕ್ಕೇ ನಿಂತಿತಾ?" ಅಕ್ಕ ಕೇಳಿದಳು.

"ಹೂಂ ಅಕ್ಕ... ನಿಂತಿತು."

ಈ ಸಲ ಅಕ್ಕ ರೇಗಿಸಲಿಲ್ಲ. ತಂಗಿಯ ಮುಖ ನೋಡಿ ಟೀ ಇಡಲು ಹೋದಳು.

ಆರು ವರ್ಷ! ಆರು ವರ್ಷ ಅವಳು ಒಂದು ಸಾಲೂ ಬರೆಯಲಿಲ್ಲ. ಕಂಡವರ ಕಿಟಕಿಗಳಿಗೆಲ್ಲ ಪರದೆ ಹೊಲಿದಳು. ಸಂಬಂಧಗಳು ಬಂದವು, ಹೋದವು. ಶನಿವಾರ ಸಂಜೆಯಾದರೆ ಮಾತ್ರ ಹೊಲಿಗೆ ಯಂತ್ರದ ಮೇಲಿನ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಈಗ ಮೇಡಂ ಯಾರ ಅಧ್ಯಾಯ ಓದಿಸುತ್ತಿರಬಹುದು? ಅವನ ಮುದುಕ ಸತ್ತನೋ ಇಲ್ಲವೋ?

ಅಂಥದೇ ಒಂದು ಸಂಜೆ ಮೇಡಂ ಫೋನ್ ಮಾಡಿದರು.

"ಕ್ಲಾಸು ನಿಲ್ಲಿಸ್ತಾ ಇದೀನಮ್ಮ, ವಯಸ್ಸಾಯ್ತು. ಬೀರುವಿನಲ್ಲಿ ನಿನ್ನ ಕಾಗದ ಇದೆ, ಬಂದು ತಗೊಂಡು ಹೋಗು. ನಾನು ಯಾರ ಬರಹಾನೂ ರದ್ದಿಗೆ ಹಾಕಲ್ಲ."

ಅದೇ ಕೋಣೆ. ಮೇಜಿನ ಕುಂಟುಕಾಲಿನ ಕೆಳಗೆ ಅದೇ ಮಡಚಿದ ರಟ್ಟು. ಮೇಡಂ ಕೊಟ್ಟ ಲಕೋಟೆಯಲ್ಲಿ ಹನ್ನೊಂದನೇ ಅಧ್ಯಾಯದ ಎಂಟು ಪ್ರತಿಗಳಿದ್ದವು. ಒಂದೊಂದೇ ತಿರುಗಿಸಿದಳು. ಏಳರ ಹಿಂದೆ ಹೊಗಳಿಕೆ, ಸಣ್ಣಪುಟ್ಟ ತಿದ್ದುಪಡಿ. ಎಂಟನೆಯದರ ಹಿಂದೆ ಪೆನ್ಸಿಲ್ಲಿನ ಓರೆ ಅಕ್ಷರ.

'ಈ ಕ್ಯಾಪ್ಟನ್ ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಜೀವನದಲ್ಲಿ ನಿಜವಾಗಿ ಇದ್ದಾನೆಂದು ಮಾತ್ರ ಗೊತ್ತಾಯಿತು, ಅಷ್ಟು ಚೆನ್ನಾಗಿ ಬರೆದಿದ್ದೀರಿ. ನಾನು ಈಗ ಆಡಿದ ಮಾತು ವಿಮರ್ಶೆಯಲ್ಲ, ಹೊಟ್ಟೆಕಿಚ್ಚು. ಕ್ಷಮಿಸಿ. ಅವನನ್ನು ತೆಗೆಯಬೇಡಿ. ಕಾದಂಬರಿ ಮುಗಿಸಿ.'

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಮೇಡಂ... ಅವರು ಈಗ..."

"ಯಾರು, ನಮ್ಮ ಮೆಕ್ಯಾನಿಕ್ಕಾ? ಮುದುಕನ್ನ ಸಾಯಿಸೋಕೆ ಐದು ವರ್ಷ ತಗೊಂಡ, ಆದ್ರೂ ಮುಗಿಸಿದ! ಈಗ ಮೇಲೆ ಯಂತ್ರದ ಕೋಣೇಲಿದಾನೆ. ನೀನು ಬರ್ತೀಯ ಅಂತ ಹೇಳಿಲ್ಲ. ಹೇಳಿದ್ರೆ ಕೈ ನಡುಗಿ ಲಿಫ್ಟನ್ನೇ ಬೀಳಿಸಿಯಾನು!"

ಅವಳು ಮೆಟ್ಟಿಲು ಹತ್ತಿ ಓಡಿದಳು.

ಅವನ ಕಿವಿಯ ಮೇಲೆ ನಾಲ್ಕು ಕೂದಲು ಬೆಳ್ಳಗಾಗಿದ್ದವು. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

"ನೀವಾ...?"

"ನಾನೇ. ನೀವು ಬರೆದದ್ದನ್ನ ಇವತ್ತು ಓದಿದೆ."

ಅವನ ಮುಖ ಕೆಂಪಾಯಿತು. "ಹಳೇ ಮಾತು ಬಿಡಿ... ಕ್ಯಾಪ್ಟನ್ ಚೆನ್ನಾಗಿದಾರಾ?"

"ಯಾವ ಕ್ಯಾಪ್ಟನ್?"

"ಅದೇ... ಕ್ಷಮೆ ಕೇಳೋಣ ಅಂತ ಒಂದಿನ ನಿಮ್ಮ ಅಂಗಡಿ ಹತ್ರ ಬಂದಿದ್ದೆ. ಆರಡಿ ಆಳು, ಹುರಿಮೀಸೆ, ಪರದೆಯ ಒಂದು ತುದಿ ಹಿಡ್ಕೊಂಡು ನಿಂತಿದ್ರು. ನೀವು ನಗ್ತಾ ಇದ್ರಿ. ಹಾಗೇ ವಾಪಸ್ ಬಂದೆ."

"ಅಯ್ಯೋ, ಅದು ನಮ್ಮ ಭಾವ ರೀ! ಎತ್ತರ, ಮೀಸೆ ಎರಡನ್ನೂ ಕಥೆಗೆ ಅವರಿಂದ ಎರವಲು ತಂದಿದ್ದು. ಮೂರು ವಿಷಯ ಬದಲಿಸಿ ಅಂತ ಮೇಡಂ ಹೇಳಿದ್ರಲ್ಲ?"

ಅವನು ಮಿಕಮಿಕ ನೋಡಿದ. "ಹಾಗಾದ್ರೆ... ಬದಲಿಸೋಕೆ ಮುಂಚೆ ಅವನು ಯಾರು?"

ಅವಳು ಆ ಅಧ್ಯಾಯವನ್ನು ಅವನ ಮುಂದೆ ಹಿಡಿದಳು. ಅವನು ಓದತೊಡಗಿದ. ಓದುತ್ತಾ ಓದುತ್ತಾ ಗ್ರೀಸು ಮೆತ್ತಿದ ಕೈ ತಾನಾಗಿ ಮೇಲೆದ್ದಿತು.

"ಹಾಗೇ ಇರಿ!" ಅವಳು ಕೂಗಿದಳು. "ಕೈ ಎಲ್ಲಿದೆ ನೋಡ್ಕೊಳ್ಳಿ. ಈಗ ನಾಲ್ಕನೇ ಪುಟ ಓದಿ."

ಅವನು ಓದಿದ. ಕಿವಿ ಹಿಡಿದ ಕೈ ಕಿವಿಯಲ್ಲೇ ಉಳಿಯಿತು.

"ನಾನು... ಹೀಗೆ ಮಾಡ್ತೀನಾ?"

"ಮೊದಲ ದಿನದಿಂದ!"

"ನನಗೇ ಗೊತ್ತಿರಲಿಲ್ಲ ಕಣ್ರೀ! ಅಂದ್ರೆ... ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಕೊಂಡು ಆರು ವರ್ಷ ಹಾಳು ಮಾಡಿದೆನಾ?"

"ನಾನೇನು ಕಡಿಮೆಯಾ? ಹಾಳೆ ತಿರುಗಿಸಿ ನೋಡದೆ ಓಡಿಹೋದೆ." ಅವಳ ಕಣ್ಣು ತುಂಬಿ ಬಂತು. ಈ ಸಲ ತುಟಿ ಕಚ್ಚಲಿಲ್ಲ. "ನೀವಂದ್ರೆ ನನಗೆ ಪ್ರಾಣ. ಒಂದು ವಿಷಯಾನೂ ಬದಲಿಸದೆ ಹೇಳ್ತಿದೀನಿ."

ಕೈಚಾಚಿದವನು ಗ್ರೀಸು ನೆನಪಾಗಿ ಹಿಂದೆಗೆದ. ಅವಳು ಬಿಡದೆ ಆ ಕೈ ಹಿಡಿದಳು. ಇನ್ನೊಂದು ಕೈಯಿಂದ ಕರವಸ್ತ್ರ ತೆಗೆದು ಅವನ ಕಪ್ಪಾದ ಕಿವಿ ಒರೆಸಿದಳು.

"ನನಗೂ ರೀ... ಮೊದಲ ಹಾಳೆಯಿಂದ," ಎಂದ ಕೊನೆಗೂ. "ಮುಂದೇನಾಗತ್ತೆ?"

"ಶನಿವಾರ ಹನ್ನೆರಡನೇ ಅಧ್ಯಾಯ ಕೊಡ್ತೀನಿ. ಓದಿ ನೋಡಿ."

"ಕ್ಲಾಸು ನಿಂತುಹೋಯ್ತಲ್ಲ?"

"ಕಾಯೋರು ಒಬ್ಬರಿದ್ರೆ ಸಾಕು, ಬರೀತೀನಿ."

"ಆದ್ರೆ ನಾನು ಅಭಿಪ್ರಾಯ ಹೇಳುವಾಗ ನೀವು ಮಾತಾಡೋ ಹಾಗಿಲ್ಲ. ನಿಯಮ!"

ಅವಳು ಅವನ ಭುಜಕ್ಕೆ ಹಣೆ ಹಚ್ಚಿ, ಅಳುತ್ತಲೇ ನಕ್ಕಳು.

"ಆ ನಿಯಮಾನ ತೆಗೆದುಬಿಡಿ."